ಎರಡು ಡಿಸ್ಕಿನ ಆಟ, ತುಂಬಿದ ಕನ್ಸೋಲ್: ಭಾರ ಹೊರುವವರು ಯಾರು?

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಓದುತ್ತಿರುವ ನನ್ನ ಅಕ್ಕನ ಮಗ ದೀಪಾವಳಿ ರಜೆಗೆ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಾಗ, ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ತನ್ನ ಹಳೆಯ ಕನ್ಸೋಲ್ ಪ್ಲೇಸ್ಟೇಷನ್ 4 ಜೊತೆಗೆ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟದ ಡಬ್ಬಿಯೊಂದನ್ನೂ ತಂದಿದ್ದ. ಹಳೆಯ ಡಿಸ್ಕ್‌ಗಳನ್ನು ಕೊಂಡು ಮಾರುವ ಅಂಗಡಿಯೊಂದರಲ್ಲಿ, ಎರಡು ತಿಂಗಳ ಕೈಖರ್ಚು ಉಳಿಸಿ ಕೊಂಡದ್ದು. ಊಟ ಮುಗಿಸಿ ಟಿವಿ ಮುಂದೆ ಕೂತು ಡಬ್ಬಿ ತೆರೆದವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮಾಮಾ, ಇದರಾಗ ಒಂದ ಡಿಸ್ಕ್ ಐತಿ. ಎರಡ ಇರಬೇಕಲ್ಲ?” ಎಂದ.

ಇರಬೇಕಾಗಿತ್ತು. 2018ರಲ್ಲಿ ಬಿಡುಗಡೆಯಾದ ಆ ಆಟ ಪ್ಲೇಸ್ಟೇಷನ್ 4ಕ್ಕೂ ಮೈಕ್ರೋಸಾಫ್ಟಿನ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್‌ಗೂ ಎರಡೆರಡು ಡಿಸ್ಕ್‌ಗಳಲ್ಲಿ ಬಂದಿತ್ತು. ಒಂದರ ಮೇಲೆ ‘ಡೇಟಾ ಡಿಸ್ಕ್’ ಎಂದೂ ಇನ್ನೊಂದರ ಮೇಲೆ ‘ಪ್ಲೇ ಡಿಸ್ಕ್’ ಎಂದೂ ಬರೆದಿರುತ್ತದೆ. ಡೇಟಾ ಡಿಸ್ಕನ್ನು ಮೊದಲು ಹಾಕಿ ಇನ್‌ಸ್ಟಾಲ್ ಮಾಡಿಕೊಂಡರೆ ಅದರ ಕೆಲಸ ಮುಗಿಯಿತು, ಮುಂದೆ ಆಡುವಾಗಲೆಲ್ಲ ಬೇಕಾಗುವುದು ಪ್ಲೇ ಡಿಸ್ಕ್ ಒಂದೇ. ಹೀಗಾಗಿ ಮೊದಲಿನದು ಯಾರದೋ ಮನೆಯ ಕಪಾಟಿನಲ್ಲಿ ಉಳಿದುಹೋಗುತ್ತದೆ, ಮಾರುವವನಿಗೂ ನೆನಪಾಗುವುದಿಲ್ಲ, ಕೊಳ್ಳುವವನಿಗೂ ಕೇಳಬೇಕೆಂದು ಹೊಳೆಯುವುದಿಲ್ಲ. ನಮ್ಮ ಡಬ್ಬಿಯಲ್ಲಿದ್ದದ್ದು ಪ್ಲೇ ಡಿಸ್ಕ್ ಮಾತ್ರ, ಆಟ ಇನ್‌ಸ್ಟಾಲ್ ಆಗಲಿಲ್ಲ. ಹುಡುಗ ಬೇಸರದಲ್ಲಿ ಕೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು: “ಹಂಗಾದ್ರ ಆಟ ಡಿಸ್ಕಿನ್ಯಾಗ ಇರತೈತೋ, ಮಷಿನ್ನಿನ್ಯಾಗ ಇರತೈತೋ?”

ಈ ಪ್ರಶ್ನೆಗೆ ಮೂವತ್ತು ವರ್ಷಗಳಲ್ಲಿ ಉತ್ತರ ಬದಲಾಗುತ್ತಲೇ ಬಂದಿದೆ. ಅದು ಬದಲಾದಾಗಲೆಲ್ಲ ಜಾಗದ ಖರ್ಚು, ಸಮಯದ ಖರ್ಚು, ಇಂಟರ್ನೆಟ್ಟಿನ ಖರ್ಚು ಸ್ವಲ್ಪ ಸ್ವಲ್ಪವಾಗಿ ಆಟ ಮಾಡುವ ಕಂಪನಿಯ ಕಡೆಯಿಂದ ಕೊಳ್ಳುವವನ ಮನೆಗೆ ಸರಿದಿದೆ. ಆಟವೊಂದು ಎಷ್ಟು ಡಿಸ್ಕ್‌ಗಳಲ್ಲಿ ಬರುತ್ತದೆ ಎಂಬುದನ್ನು ತಂತ್ರಜ್ಞಾನದ ಸಂಗತಿಯೆಂದು ನಾವು ನೋಡುತ್ತೇವೆ. ಈ ಭಾರವನ್ನು ಯಾರು ಹೊರಬೇಕೆಂಬ ತೀರ್ಮಾನವೂ ಅದರಲ್ಲಿ ಅಡಗಿದೆ ಎಂಬುದು ನನ್ನ ವಾದ.

ನಮ್ಮಲ್ಲಿ ಬಹಳ ಮನೆಗಳಿಗೆ ವಿಡಿಯೊ ಗೇಮ್ ಮೊದಲು ಬಂದದ್ದು ‘ಕ್ಯಾಸೆಟ್’ ರೂಪದಲ್ಲಿ. ಟಿವಿಗೆ ಜೋಡಿಸುವ ಯಂತ್ರದ ನೆತ್ತಿಯ ಮೇಲೆ ಒತ್ತಿ ಕೂರಿಸುವ ಆ ಪ್ಲಾಸ್ಟಿಕ್ ಡಬ್ಬಿಯೊಳಗೆ ಚಿಪ್ ಇರುತ್ತಿತ್ತು, ಆಟವೆಲ್ಲ ಆ ಚಿಪ್ಪಿನಲ್ಲೇ ಇರುತ್ತಿತ್ತು. ಚಿಪ್ ಬಹಳ ವೇಗದ್ದು, ಆದರೆ ದುಬಾರಿ. 1996ರಲ್ಲಿ ಬಂದ ನಿಂಟೆಂಡೊ 64ರ ಕ್ಯಾಸೆಟ್‌ಗಳಲ್ಲಿ ಅತಿ ದೊಡ್ಡದಕ್ಕೂ 64 ಎಂಬಿ ಮಾತ್ರ ಹಿಡಿಸುತ್ತಿತ್ತು. ಅದೇ ಕಾಲದ ಸೋನಿ ಪ್ಲೇಸ್ಟೇಷನ್ ಬಳಸುತ್ತಿದ್ದ ಸಿಡಿಯಲ್ಲಿ ಅದರ ಹತ್ತು ಪಟ್ಟು, ಅಂದರೆ ಸುಮಾರು 650 ಎಂಬಿ ಜಾಗವಿತ್ತು, ಒಂದು ಸಿಡಿ ಒತ್ತಿಸುವ ಖರ್ಚೂ ಕ್ಯಾಸೆಟ್ಟಿಗಿಂತ ಬಹಳ ಕಡಿಮೆ. ಜಪಾನಿನ ಸ್ಕ್ವೇರ್ ಕಂಪನಿ ತನ್ನ ‘ಫೈನಲ್ ಫ್ಯಾಂಟಸಿ’ ಸರಣಿಯನ್ನು ನಿಂಟೆಂಡೊ ಬಿಟ್ಟು ಪ್ಲೇಸ್ಟೇಷನ್‌ಗೆ ಒಯ್ದದ್ದಕ್ಕೆ ಈ ವ್ಯತ್ಯಾಸ ದೊಡ್ಡ ಕಾರಣವಾಗಿತ್ತು. 1997ರ ‘ಫೈನಲ್ ಫ್ಯಾಂಟಸಿ 7’ ಮೂರು ಸಿಡಿಗಳಲ್ಲಿ ಬಂತು, ಮುಂದಿನ ಎರಡು ಭಾಗಗಳು ನಾಲ್ಕು ನಾಲ್ಕು ಸಿಡಿಗಳಲ್ಲಿ ಬಂದವು.

ಆ ಮೂರು ಸಿಡಿಗಳ ಒಳಗೆ ಏನಿತ್ತು ಎಂದು ನೋಡುವುದು ಒಳ್ಳೆಯದು. ಆಟದ ಊರುಗಳು, ಪಾತ್ರಗಳು, ಕಾದಾಟದ ನಿಯಮಗಳು ಬಹುಪಾಲು ಮೂರರಲ್ಲೂ ಮತ್ತೆ ಮತ್ತೆ ಅಚ್ಚಾಗಿದ್ದವು. ಒಂದರಿಂದ ಒಂದಕ್ಕೆ ಬೇರೆಯಾಗಿದ್ದದ್ದು ಮುಖ್ಯವಾಗಿ ಕಥೆಯ ನಡುವೆ ಬರುವ ವಿಡಿಯೊ ದೃಶ್ಯಗಳು. ಆಟದ ನಡುನಡುವೆ ಸಿಡಿ ಬದಲಿಸುತ್ತ ಕೂರುವ ಕಷ್ಟ ಆಡುವವನಿಗೆ ಬೇಡವೆಂದು, ಕಥೆಯ ಒಂದು ಘಟ್ಟ ಮುಗಿದಾಗ ಮಾತ್ರ ‘ಎರಡನೆಯ ಡಿಸ್ಕ್ ಹಾಕಿ’ ಎಂದು ಕೇಳುವ ಹಾಗೆ ಮಾಡುವುದಕ್ಕಾಗಿ, ಕಂಪನಿ ಒಂದೇ ಸಾಮಗ್ರಿಯನ್ನು ಮೂರು ಸಲ ಅಚ್ಚು ಹಾಕಿತ್ತು. ಹೆಚ್ಚಿನ ಡಿಸ್ಕ್‌ಗಳ ಖರ್ಚು ಕಂಪನಿಯದು, ಅನುಕೂಲ ಆಡುವವನದು. ದೂರದ ಪ್ರಯಾಣಕ್ಕೆ ಹೊರಟವರಿಗೆ ಮನೆಯಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲವನ್ನೂ ಕೂಡಿಸಿ ಬುತ್ತಿ ಕಟ್ಟಿ ಕೊಡುತ್ತಾರೆ, ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳುವ ಪ್ರಮೇಯ ಇರುವುದಿಲ್ಲ. ಆ ಕಾಲದ ಡಿಸ್ಕ್ ಅಂಥ ಬುತ್ತಿಯಾಗಿತ್ತು.

ಜಾಗ ಕಡಿಮೆ ಬಿದ್ದಾಗ ಬುದ್ಧಿ ಓಡಿಸಿದವರೂ ಇದ್ದರು. ಪ್ಲೇಸ್ಟೇಷನ್‌ನಲ್ಲಿ ಎರಡು ಸಿಡಿ ತುಂಬಿದ್ದ ‘ರೆಸಿಡೆಂಟ್ ಈವಿಲ್ 2’ ಆಟವನ್ನು 1999ರಲ್ಲಿ ವಿಡಿಯೊ ದೃಶ್ಯಗಳ ಸಮೇತ ನಿಂಟೆಂಡೊ 64ರ ಒಂದೇ 64 ಎಂಬಿ ಕ್ಯಾಸೆಟ್ಟಿಗೆ ಇಳಿಸಿದರು. ಇಂದಿನ ಆಟಗಳ ಗಾತ್ರದ ಬಗ್ಗೆ ‘ಬೇರೆ ದಾರಿಯೇ ಇಲ್ಲ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಕೆಲಸ ನೆನಪಾಗುತ್ತದೆ.

ಮುಂದೆ ಡಿವಿಡಿ ಬಂದು ಸ್ವಲ್ಪ ಕಾಲ ಜಾಗದ ಚಿಂತೆ ಮರೆಯಾಯಿತು. ಅದು ಮರಳಿದ್ದು 2005ರ ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ. ಅದರ ಡಿವಿಡಿಯಲ್ಲಿ ಆಟಕ್ಕೆಂದು ಸಿಗುತ್ತಿದ್ದದ್ದು ಮೊದಲು ಸುಮಾರು 6.8 ಜಿಬಿ. ಮರುವರ್ಷ ಬಂದ ಪ್ಲೇಸ್ಟೇಷನ್ 3 ಬ್ಲೂ-ರೇ ಬಳಸಿತು, ಅದರ ಒಂದು ಡಿಸ್ಕಿನಲ್ಲಿ 50 ಜಿಬಿವರೆಗೆ ಹಿಡಿಸುತ್ತಿತ್ತು. ಇದರ ಪರಿಣಾಮ 2010ರಲ್ಲಿ ‘ಫೈನಲ್ ಫ್ಯಾಂಟಸಿ 13’ ಪಶ್ಚಿಮದ ದೇಶಗಳಿಗೆ ಬಂದಾಗ ಅಂಗಡಿಯ ಮೇಜಿನ ಮೇಲೇ ಕಾಣುತ್ತಿತ್ತು: ಪ್ಲೇಸ್ಟೇಷನ್ 3ಕ್ಕೆ ಒಂದು ಡಿಸ್ಕ್, ಎಕ್ಸ್‌ಬಾಕ್ಸ್ 360ಕ್ಕೆ ಮೂರು. ಹಾರ್ಡ್ ಡಿಸ್ಕ್ ಇಲ್ಲದ ಅಗ್ಗದ ಮಾದರಿಯನ್ನೂ ಮೈಕ್ರೋಸಾಫ್ಟ್ ಮಾರಿತ್ತಾದ್ದರಿಂದ, ಕೊಳ್ಳುವವನ ಯಂತ್ರದಲ್ಲಿ ಜಾಗ ಇದ್ದೇ ಇರುತ್ತದೆ ಎಂದು ಆಟ ಮಾಡುವವರು ನಂಬುವಂತಿರಲಿಲ್ಲ. ಡಿಸ್ಕ್‌ಗಳನ್ನು ಹೆಚ್ಚಿಸುವುದೊಂದೇ ಅವರಿಗಿದ್ದ ದಾರಿ. 2013ರ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಅದೇ ಯಂತ್ರಕ್ಕೆ ಎರಡು ಡಿಸ್ಕ್‌ಗಳಲ್ಲಿ ಬಂದಾಗ ಕ್ರಮ ಬೇರೆಯಾಗಿತ್ತು. ಒಂದು ಡಿಸ್ಕಿನಿಂದ 8 ಜಿಬಿ ಇನ್‌ಸ್ಟಾಲ್ ಮಾಡಿ ಪಕ್ಕಕ್ಕಿಡಬೇಕು, ಇನ್ನೊಂದರಿಂದ ಆಡಬೇಕು. ನಮ್ಮ ಹುಡುಗನ ಡಬ್ಬಿಯಲ್ಲಿ ಖಾಲಿ ಉಳಿದಿದ್ದ ಜಾಗದ ಮೂಲ ಈ ಕ್ರಮದಲ್ಲಿದೆ.

ಅದೇ 2013ರ ಕೊನೆಯಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಡಿಸ್ಕಿನಿಂದ ನೇರವಾಗಿ ಆಡುವುದನ್ನು ಪೂರ್ತಿ ಕೈಬಿಟ್ಟವು. ಕಾರಣ ವೇಗ. ಪ್ಲೇಸ್ಟೇಷನ್ 4ರ ಬ್ಲೂ-ರೇ ಡ್ರೈವ್ ಎಷ್ಟೇ ಜೋರಾಗಿ ತಿರುಗಿದರೂ ಸೆಕೆಂಡಿಗೆ 27 ಎಂಬಿಗಿಂತ ಹೆಚ್ಚು ಓದಲಾರದು, ಸಾಮಾನ್ಯ ಹಾರ್ಡ್ ಡಿಸ್ಕ್ ಅದರ ಮೂರು ನಾಲ್ಕು ಪಟ್ಟು ಓದಬಲ್ಲದು. ಈಗಿನ ಪ್ಲೇಸ್ಟೇಷನ್ 5ರೊಳಗಿನ ಎಸ್‌ಎಸ್‌ಡಿಯ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲೇ ಮಾಹಿತಿ ಕೂಡಿಡುವ ಸಾಧನದ ವೇಗವಂತೂ ಸೆಕೆಂಡಿಗೆ 5.5 ಜಿಬಿ. ಆಟದ ಪಾತ್ರ ಕುದುರೆ ಏರಿ ಓಡುವಾಗ ಮುಂದಿನ ಗುಡ್ಡವನ್ನೂ ಊರನ್ನೂ ಕಣ್ಣು ಮಿಟುಕಿಸುವುದರೊಳಗೆ ತಂದು ನಿಲ್ಲಿಸಬೇಕಾದರೆ ಡಿಸ್ಕಿಗೆ ಸಾಧ್ಯವೇ ಇಲ್ಲ, ಆಟವೆಲ್ಲ ಮೊದಲೇ ಯಂತ್ರದೊಳಗೆ ಇಳಿದಿರಬೇಕು. ಆದ್ದರಿಂದ ಆಟ ಡಿಸ್ಕಿನಲ್ಲೂ ಇರುತ್ತದೆ, ಯಂತ್ರದಲ್ಲೂ ಇರುತ್ತದೆ. ಇನ್‌ಸ್ಟಾಲ್ ಆದ ಮೇಲೆ ಡಿಸ್ಕ್ ‘ಈತ ಕೊಂಡಿದ್ದಾನೆ’ ಎಂದು ಸಾಕ್ಷಿ ಹೇಳುವ ಕೀಲಿಕೈ ಮಾತ್ರ. ಈ ಬದಲಾವಣೆಗೆ ನನ್ನ ತಕರಾರಿಲ್ಲ, ಅದು ಭೌತಿಕ ಮಿತಿಯಿಂದ ಬಂದದ್ದು. ಆದರೆ ಅಲ್ಲಿಯವರೆಗೆ ಡಿಸ್ಕಿನ ಮಿತಿಯಾಗಿದ್ದದ್ದು ಅಂದಿನಿಂದ ನಮ್ಮ ಯಂತ್ರದ ಮಿತಿಯಾಯಿತು.

ಆ ಮಿತಿ ಎಷ್ಟೆಂದರೆ, 500 ಜಿಬಿ ಎಂದು ಬರೆದ ಪ್ಲೇಸ್ಟೇಷನ್ 4ರಲ್ಲಿ ಬಳಸಲು ಸಿಗುವುದು ಸುಮಾರು 408 ಜಿಬಿ. 825 ಜಿಬಿಯ ಮೊದಲ ಪ್ಲೇಸ್ಟೇಷನ್ 5ರಲ್ಲಿ ಸುಮಾರು 667, 512 ಜಿಬಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಸುಮಾರು 364. ನೂರು ಜಿಬಿಯ ಆಟಗಳನ್ನು ಇಟ್ಟುಕೊಂಡರೆ ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಆರು, ಮತ್ತೊಂದರಲ್ಲಿ ಮೂರು. 2021ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಡ್ರೈವ್ ಇದ್ದ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ಅಷ್ಟು ಹಣ ಕೊಟ್ಟವನು ಏಳನೆಯ ಆಟ ಕೊಂಡ ದಿನ ಯಾವುದನ್ನು ಅಳಿಸಲಿ ಎಂದು ಯೋಚಿಸುತ್ತ ಕೂರಬೇಕು. ಇದರ ಮೇಲೆ, ದೊಡ್ಡ ಅಪ್‌ಡೇಟ್ ಬಂದಾಗ ಪ್ಲೇಸ್ಟೇಷನ್ 4 ಆಟದ ಇನ್ನೊಂದು ಪ್ರತಿಯನ್ನೇ ಬರೆದುಕೊಂಡು ಹಳೆಯದನ್ನು ಆಮೇಲೆ ತೆಗೆಯುವುದರಿಂದ, ಆಟದಷ್ಟೇ ಜಾಗ ಖಾಲಿಯೂ ಇರಬೇಕಾಗುತ್ತದೆ.

ಆಟಗಳೇಕೆ ಇಷ್ಟು ಉಬ್ಬಿವೆ? ಕಣ್ಣಿಗೆ ಕಾಣುವ ಕಾರಣ ಚಿತ್ರಗಳ ಸ್ಪಷ್ಟತೆ. ಆಟದಲ್ಲಿ ಕಾಣುವ ಗೋಡೆ, ಕಲ್ಲು, ಬಟ್ಟೆ, ಮುಖದ ಚರ್ಮ ಇವುಗಳ ಮೇಲ್ಮೈಗೆಲ್ಲ ‘ಟೆಕ್ಸ್ಚರ್’ ಎಂಬ ಚಿತ್ರವನ್ನು ಹೊದಿಸಿರುತ್ತಾರೆ. ಉದ್ದಗಲ 2,048 ಪಿಕ್ಸೆಲ್‌ಗಳಿರುವ ಒಂದು ಟೆಕ್ಸ್ಚರ್‌ಗೆ, ಸಾಮಾನ್ಯವಾಗಿ ಬಳಸುವ ಒಂದು ಬಗೆಯ ಸಂಕ್ಷೇಪಣೆಯಲ್ಲಿ ಪಿಕ್ಸೆಲ್‌ಗೆ ಒಂದು ಬೈಟ್‌ನಂತೆ, 4 ಎಂಬಿ ಬೇಕು. ಉದ್ದಗಲಗಳನ್ನು ಎರಡು ಪಟ್ಟು ಮಾಡಿ 4,096ಕ್ಕೆ ಒಯ್ದರೆ ಜಾಗ ನಾಲ್ಕು ಪಟ್ಟಾಗಿ 16 ಎಂಬಿ ಆಗುತ್ತದೆ. ಒಂದು ಮೇಲ್ಮೈಗೆ ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಹೊಳಪಿಗೊಂದು ಎಂದು ಮೂರು ನಾಲ್ಕು ಚಿತ್ರಗಳಿರುತ್ತವೆ, ಅಂಥ ಮೇಲ್ಮೈಗಳು ಸಾವಿರಗಟ್ಟಲೆ ಇರುತ್ತವೆ. 4ಕೆ ಟಿವಿಯ ಎದುರು ಕೂತವನಿಗೆ ಇದರ ಫಲ ನಿಜವಾಗಿಯೂ ಸಿಗುತ್ತದೆ. ನಮ್ಮೂರಿನ ಬಹಳ ಮನೆಗಳಲ್ಲಿರುವ ಹಳೆಯ ಫುಲ್ ಎಚ್‌ಡಿ ಟಿವಿಯ ಎದುರು ಕೂತವನೂ ಅಷ್ಟೇ ಜಾಗ ತೆರುತ್ತಾನೆ, ಫಲ ಮಾತ್ರ ಅವನಿಗೆ ಪೂರ್ತಿ ಸಿಗುವುದಿಲ್ಲ.

ಇನ್ನೊಂದು ಕಾರಣ ಧ್ವನಿ. 2014ರಲ್ಲಿ ಕಂಪ್ಯೂಟರಿಗೆ ಬಂದ ‘ಟೈಟನ್‌ಫಾಲ್’ 48 ಜಿಬಿ ಜಾಗ ಕೇಳುತ್ತಿತ್ತು, ಅದರಲ್ಲಿ 35 ಜಿಬಿ ಕುಗ್ಗಿಸದ ಧ್ವನಿಯೇ ಇತ್ತು. ಕುಗ್ಗಿಸಿದ ಧ್ವನಿಯನ್ನು ಆಡುವಾಗ ಬಿಚ್ಚುವ ಕೆಲಸ ಹಳೆಯ ಕಂಪ್ಯೂಟರುಗಳ ಪ್ರೊಸೆಸರಿಗೆ ಭಾರವಾಗಬಾರದೆಂದು ಹಾಗೆ ಮಾಡಿದ್ದೆಂದು ಅದನ್ನು ರೂಪಿಸಿದವರು ಹೇಳಿದ್ದರು. ಕಾರಣ ಒಪ್ಪುವಂಥದೇ, ಆದರೆ ಅದರ ಬೆಲೆ ತೆತ್ತದ್ದು ಆಡುವವನ ಹಾರ್ಡ್ ಡಿಸ್ಕ್.

ಮೂರನೆಯದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದೂ ಅದೇ. ಹಾರ್ಡ್ ಡಿಸ್ಕಿನೊಳಗೆ ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಹೊತ್ತು ಹಿಡಿಯುತ್ತದೆ. ಅದು ಅತ್ತಿತ್ತ ಓಡಾಡಬಾರದೆಂದು, ಊರಿನ ಪ್ರತಿ ಓಣಿಗೂ ಬೇಕಾದ ಸಾಮಾನನ್ನು ಆ ಓಣಿಯ ಕಟ್ಟಿನಲ್ಲೇ ಮತ್ತೆ ಮತ್ತೆ ಬರೆದಿಡುತ್ತಿದ್ದರು. ಪ್ಲೇಸ್ಟೇಷನ್ 5ರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ ‘ಸ್ಪೈಡರ್‌ಮ್ಯಾನ್’ ಆಟದ ಉದಾಹರಣೆ ಕೊಟ್ಟು, ಬೀದಿಯಲ್ಲಿ ನಿಂತ ಅಂಚೆಪೆಟ್ಟಿಗೆಯಂಥ ವಸ್ತು ಹಾರ್ಡ್ ಡಿಸ್ಕಿನಲ್ಲಿ 400 ಸಲ ಬರೆದಿರಬಹುದು ಎಂದು ವಿವರಿಸಿದ್ದರು. ಎಸ್‌ಎಸ್‌ಡಿಯಲ್ಲಿ ಮುಳ್ಳೇ ಇಲ್ಲದ್ದರಿಂದ ಈ ನಕಲುಗಳು ಬೇಕಿಲ್ಲ. ಆದರೂ ಹಳೆಯ ಪದ್ಧತಿ ಎಷ್ಟು ಕಾಲ ಉಳಿಯಿತು ಎಂಬುದಕ್ಕೆ ‘ಹೆಲ್‌ಡೈವರ್ಸ್ 2’ ಸಾಕ್ಷಿ. ಹಾರ್ಡ್ ಡಿಸ್ಕ್ ಬಳಸುವ ಕೆಲವರಿಗಾಗಿ ಅದರ ಕಂಪ್ಯೂಟರ್ ಆವೃತ್ತಿಯಲ್ಲಿ ನಕಲುಗಳನ್ನು ಇಟ್ಟುಕೊಂಡೇ ಬಂದಿದ್ದರು. 2025ರ ಡಿಸೆಂಬರ್‌ನಲ್ಲಿ ಅವನ್ನು ತೆಗೆದ ಆವೃತ್ತಿ ಬಿಟ್ಟಾಗ ಗಾತ್ರ ಸುಮಾರು 154 ಜಿಬಿಯಿಂದ 23 ಜಿಬಿಗೆ ಇಳಿಯಿತು. ಆಟ ಅದೇ, ಚಿತ್ರ ಅದೇ. ಇಷ್ಟು ದೊಡ್ಡ ಇಳಿಕೆ ಎಲ್ಲ ಆಟಗಳಲ್ಲೂ ಸಾಧ್ಯವೆಂದು ಹೇಳಲಾಗದು, ಏಕೆಂದರೆ ಈಗಿನ ಕನ್ಸೋಲ್ ಆಟಗಳಲ್ಲಿ ಆ ನಕಲುಗಳು ಈಗಾಗಲೇ ಕಡಿಮೆಯಾಗಿವೆ. ಆದರೆ ಜಾಗ ಉಳಿಸುವ ದುಡಿಮೆಗೆ ಕುಳಿತರೆ ಎಷ್ಟು ಉಳಿಯುತ್ತದೆ ಎಂಬುದು ಇದರಿಂದ ತಿಳಿಯಿತು. ಆಡುವವನ ಜಾಗಕ್ಕೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿದಾಗ ಆ ದುಡಿಮೆಗೆ ಯಾರೂ ಕೂರುವುದಿಲ್ಲ.

ಹುಬ್ಬಳ್ಳಿ–ಧಾರವಾಡದಲ್ಲಿ ಈ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ಮನೆಗೆ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್, ಎಂಟು ಬಿಟ್ಟಿಗೆ ಒಂದು ಬೈಟ್) ಲೈನ್ ಇದ್ದರೆ ಸೆಕೆಂಡಿಗೆ 5 ಎಂಬಿ ಇಳಿಯುತ್ತದೆ, ನೂರು ಜಿಬಿ ಇಳಿಯಲು ಐದೂವರೆ ಗಂಟೆ ಬೇಕು. ಅದೂ ಮನೆಯ ಉಳಿದವರೆಲ್ಲ ಫೋನ್ ಬದಿಗಿಟ್ಟು, ಮಳೆಗಾಳಿಗೆ ಕರೆಂಟ್ ಹೋಗದೆ ಇದ್ದರೆ. ಸಪ್ತಾಪುರದ ಕೋಣೆಗಳಲ್ಲಿ ಇರುವ ಹುಡುಗರ ಪರಿಸ್ಥಿತಿ ಬೇರೆ. ಅವರಲ್ಲಿ ಬಹಳ ಜನರಿಗೆ ಇರುವುದು ಫೋನಿನ ದಿನಕ್ಕೆ 2 ಜಿಬಿಯ ಪ್ಯಾಕ್. ಅದರಲ್ಲಿ ನೂರು ಜಿಬಿ ಇಳಿಸಲು ಐವತ್ತು ದಿನ ಬೇಕು, ಆ ಐವತ್ತು ದಿನ ಬೇರೇನನ್ನೂ ನೋಡಬಾರದು. ನನ್ನ ಅಕ್ಕನ ಮಗ ಕೋಣೆಯಲ್ಲಿ ಇಳಿಸಲಾಗದ ಅಪ್‌ಡೇಟ್‌ಗಳಿಗಾಗಿ ಕನ್ಸೋಲನ್ನು ಬ್ಯಾಗಿನಲ್ಲಿ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರ್ ದೂರದ ನಮ್ಮ ಮನೆಗೆ ಬರುತ್ತಾನೆ. ಅವನಿಗೆ ಎರಡು ಡಿಸ್ಕ್ ಎಂದರೆ ಹಳೆಯ ಕಾಲದ ರಗಳೆಯಲ್ಲ. ನೂರು ಜಿಬಿಯಲ್ಲಿ ಬಹುಪಾಲು ಆಗಲೇ ಕೈಯಲ್ಲಿ ಇದೆ ಎಂದರ್ಥ. ಪ್ಲೇಸ್ಟೇಷನ್ 4ರ ಡ್ರೈವ್ ಪೂರ್ತಿ ವೇಗದಲ್ಲಿ ಓದಿದರೆ ಅಷ್ಟನ್ನೂ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಸಬಲ್ಲದು, ಅದಕ್ಕಿಂತ ಹೆಚ್ಚು ಹೊತ್ತಾದರೂ ಒಂದು ಎಂಬಿಯೂ ಖರ್ಚಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ವ್ಯಾಪಾರವೂ ಡಿಸ್ಕಿನ ಮೇಲೆಯೇ ನಿಂತಿದೆ. ನಾಲ್ಕೈದು ಸಾವಿರ ಕೊಟ್ಟು ಹೊಸ ಆಟ ಕೊಳ್ಳಲಾಗದ ವಿದ್ಯಾರ್ಥಿ ಹಳೆಯದನ್ನು ಕೊಳ್ಳುತ್ತಾನೆ, ಮುಗಿಸಿ ಮಾರುತ್ತಾನೆ, ಗೆಳೆಯನಿಗೆ ಕೊಡುತ್ತಾನೆ. ಡೌನ್‌ಲೋಡ್ ಮಾಡಿ ಕೊಂಡ ಆಟವನ್ನು ಮಾರಲು ಬರುವುದಿಲ್ಲ.

ಇಷ್ಟಾದರೂ ಉದ್ಯಮ ಹೋಗುತ್ತಿರುವ ದಾರಿ ಬೇರೆ. 2022ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಪ್ಲೇಸ್ಟೇಷನ್ 5ರ ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ ಮಾತ್ರ. 100 ಜಿಬಿ ಹಿಡಿಸಬಲ್ಲ ಡಿಸ್ಕ್‌ಗಳು ಇರುವ ಯಂತ್ರಕ್ಕೆ, ಮೂವತ್ತು ವರ್ಷ ಹಿಂದಿನ ಕ್ಯಾಸೆಟ್ಟಿನಷ್ಟು ಸಾಮಗ್ರಿ ಹಾಕಿ, ಉಳಿದದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಎಂದರು. ಬುತ್ತಿಯ ಜಾಗದಲ್ಲಿ ಚೀಟಿ ಬಂತು. ಅದನ್ನು ಹಿಡಿದು ಸಾಲಿನಲ್ಲಿ ನಿಲ್ಲಬೇಕಾದವನು ಕೊಂಡವನು. ಎರಡನೆಯ, ಮೂರನೆಯ ಡಿಸ್ಕಿಗೆ ಖರ್ಚಿದೆ, ಅಚ್ಚಿಗೆ ಕಳಿಸಿದ ಮೇಲೂ ಬಿಡುಗಡೆಯ ದಿನದವರೆಗೆ ಆಟ ತಿದ್ದುತ್ತಲೇ ಇರುತ್ತಾರೆ, ಹೀಗಾಗಿ ಡಿಸ್ಕಿನಲ್ಲಿರುವುದು ಬೇಗ ಹಳತಾಗುತ್ತದೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಹಳತಾದ ಭಾಗವನ್ನಷ್ಟೇ ಇಳಿಸಿಕೊಳ್ಳುವುದಕ್ಕೂ ಇಡೀ ಆಟವನ್ನು ಇಳಿಸಿಕೊಳ್ಳುವುದಕ್ಕೂ ಇರುವ ಅಂತರ ನಮ್ಮ ಕಡೆ ದಿನಗಳ ಅಂತರ. ಮನಸ್ಸು ಮಾಡಿದರೆ ಮಾಡಬಹುದು ಎಂದು ತೋರಿಸಿದವರೂ ಇದ್ದಾರೆ. 2024ರ ‘ಫೈನಲ್ ಫ್ಯಾಂಟಸಿ 7 ರಿಬರ್ತ್’ ಸುಮಾರು 150 ಜಿಬಿಯ ಆಟ, ಪ್ಲೇಸ್ಟೇಷನ್ 5ಕ್ಕೆ ಎರಡು ಡಿಸ್ಕ್‌ಗಳಲ್ಲಿ ಬಂತು. 2020ರಲ್ಲಿ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಯುರೋಪಿನ ಅಂಗಡಿಗಳಿಗೆ ಹತ್ತು ಡಿವಿಡಿಗಳಲ್ಲಿ ಬಂದಾಗ ಕೆಲವರು ನಕ್ಕರು. ನಿಧಾನದ ಲೈನ್ ಇರುವ ಹಳ್ಳಿಯವರಿಗೆ ಆ ಹತ್ತು ಡಿವಿಡಿ ಎಷ್ಟು ದೊಡ್ಡ ಉಪಕಾರ ಎಂಬುದು ನಕ್ಕವರಿಗೆ ಹೊಳೆಯಲಿಲ್ಲ.

ನಿಂಟೆಂಡೊ 2025ರ ಜೂನ್‌ನಲ್ಲಿ ತಂದ ಸ್ವಿಚ್ 2ರಲ್ಲಿ ‘ಗೇಮ್-ಕೀ ಕಾರ್ಡ್’ ಎಂಬ ಪದ್ಧತಿ ಇದೆ. ಕಾರ್ಡಿನಲ್ಲಿ ಆಟ ಇರುವುದಿಲ್ಲ, ಇಳಿಸಿಕೊಳ್ಳುವ ಹಕ್ಕು ಮಾತ್ರ ಇರುತ್ತದೆ. ಯಂತ್ರದೊಳಗೆ ಇರುವುದು 256 ಜಿಬಿ. ಈ ಪದ್ಧತಿ ನನಗೆ ಹಿಡಿಸದಿದ್ದರೂ ಒಂದು ವಿಷಯದಲ್ಲಿ ಅದನ್ನು ಮೆಚ್ಚಬೇಕು. ಒಳಗೆ ಆಟ ಇಲ್ಲವೆಂದು ಡಬ್ಬಿಯ ಮುಂಭಾಗದಲ್ಲೇ ಕಾಣುವಂತೆ ಅಚ್ಚು ಹಾಕುತ್ತಾರೆ.

ನಮ್ಮಲ್ಲಿ ಕೇಳಬೇಕಾದದ್ದೂ ಇದನ್ನೇ. ಧಾರವಾಡ ಪೇಡೆಯ ಡಬ್ಬಿಯ ಮೇಲೆ ಒಳಗೆಷ್ಟು ಗ್ರಾಂ ಇದೆಯೆಂದು ಬರೆದಿರುತ್ತದೆ, ಪೊಟ್ಟಣದ ಸರಕುಗಳ ಕುರಿತ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ನಿವ್ವಳ ಪ್ರಮಾಣ ಬರೆಯಲೇಬೇಕು ಎನ್ನುತ್ತವೆ. ಸರಕಿನ ಗುಣಮಟ್ಟ, ಪ್ರಮಾಣಗಳ ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆಟದ ಡಬ್ಬಿಯ ಹಿಂಭಾಗದಲ್ಲಿ ಹುಡುಕಿದರೆ, ಇಂಟರ್ನೆಟ್ ಬೇಕಾಗಬಹುದು, ಇಷ್ಟು ಜಿಬಿ ಜಾಗ ಬೇಕು ಎಂಬ ಸಣ್ಣಕ್ಷರದ ಸಾಲು ಸಿಗುತ್ತದೆ. ಒಳಗೆ ಎಷ್ಟು ಡಿಸ್ಕ್ ಇವೆ, ಅವುಗಳಲ್ಲಿ ಎಷ್ಟು ಜಿಬಿ ಆಟ ಇದೆ, ಇಂಟರ್ನೆಟ್ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಆಡಬಹುದೇ ಎಂಬ ಮೂರು ಸಂಗತಿಗಳನ್ನು ಮುಂಭಾಗದಲ್ಲಿ ಬರೆಯುವುದು ಯಾವ ಕಂಪನಿಗೂ ಹೊರೆಯಾಗದು. ಡಿಸ್ಕ್‌ಗಳ ಸಂಖ್ಯೆ ಅಲ್ಲಿ ದಪ್ಪಕ್ಷರದಲ್ಲಿದ್ದಿದ್ದರೆ ಅಂಗಡಿಯಲ್ಲಿ ನಿಂತೇ ನಮ್ಮ ಹುಡುಗ ಎಣಿಸಿಕೊಳ್ಳುತ್ತಿದ್ದ. ಬೇಡದ ಭಾಷೆಗಳ ಧ್ವನಿ, 4ಕೆ ಟೆಕ್ಸ್ಚರ್ ಇವುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಇನ್‌ಸ್ಟಾಲ್ ಮಾಡುವ ಆಯ್ಕೆ ಕೆಲವು ಆಟಗಳಲ್ಲಿ ಈಗಾಗಲೇ ಇದೆ, ಅದು ಎಲ್ಲದರಲ್ಲೂ ಬರಬೇಕು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ವ್ಯವಸ್ಥೆ ಇದೆ. ಪ್ಲೇಸ್ಟೇಷನ್ 5ರೊಳಗೆ ಇನ್ನೊಂದು ಎಸ್‌ಎಸ್‌ಡಿ ಕೂರಿಸಲು 2021ರ ಸೆಪ್ಟೆಂಬರ್‌ನಿಂದ ಅವಕಾಶವಿದೆ, ಆದರೆ 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದರಿಂದ ಅದು ಎಲ್ಲರ ಕೈಗೆ ಎಟಕುವುದಿಲ್ಲ. ಯುಎಸ್‌ಬಿಗೆ ಜೋಡಿಸುವ ಸಾಮಾನ್ಯ ಹಾರ್ಡ್ ಡಿಸ್ಕಿನಿಂದ ಪ್ಲೇಸ್ಟೇಷನ್ 5ರ ಆಟಗಳನ್ನು ಆಡಲು ಬರುವುದಿಲ್ಲ, ಕೂಡಿಡಲು ಬರುತ್ತದೆ. ಹಳೆಯ ಕಾಲದಲ್ಲಿ ವರ್ಷದ ಜೋಳ ಹಗೇವಿನಲ್ಲಿ, ವಾರದ ಜೋಳ ಅಡುಗೆಮನೆಯಲ್ಲಿ ಇರುತ್ತಿದ್ದ ಹಾಗೆ, ಮುಗಿಯದ ಆಟಗಳನ್ನು ಅದರಲ್ಲಿಟ್ಟು ಬೇಕಾದಾಗ ಒಳಗೆ ತಂದುಕೊಳ್ಳಬಹುದು. ಸೆಕೆಂಡಿಗೆ ನೂರು ಎಂಬಿ ಓದುವ ಹಾರ್ಡ್ ಡಿಸ್ಕಿನಿಂದ ನೂರು ಜಿಬಿ ತರಲು ಹದಿನೇಳು ನಿಮಿಷದ ಆಸುಪಾಸು ಸಾಕು.

ನಮ್ಮ ಡಬ್ಬಿಯ ಡೇಟಾ ಡಿಸ್ಕ್ ಮೂರು ವಾರದ ಮೇಲೆ ಸಿಕ್ಕಿತು. ಅಂಗಡಿಯವರು ಮೊದಲಿನ ಮಾಲೀಕನಿಗೆ ಫೋನ್ ಮಾಡಿ ವಿಚಾರಿಸಿದಾಗ ಅದು ಬೇರೊಂದು ಆಟದ ಡಬ್ಬಿಯಲ್ಲಿತ್ತಂತೆ. ಹುಡುಗ ಶನಿವಾರ ಸಂಜೆ ಬಂದು ಡೇಟಾ ಡಿಸ್ಕ್ ಹಾಕಿದ. ಜಾಗ ಸಾಲದು ಎಂದು ಪರದೆಯ ಮೇಲೆ ಬಂತು. ಅವನ ಕನ್ಸೋಲಿನಲ್ಲಿ ದೊಡ್ಡ ಆಟಗಳು ಮೂರಿದ್ದವು. ಅದರಲ್ಲಿ ಒಂದು ಡೌನ್‌ಲೋಡ್ ಮಾಡಿ ಕೊಂಡದ್ದು, ಅರ್ಧ ಆಡಿದ್ದ, ಇಳಿಸಲು ನಮ್ಮ ಮನೆಯಲ್ಲಿ ಎರಡು ರಾತ್ರಿ ಹಿಡಿದಿತ್ತು. ಅದರ ಮೇಲೆ ಬೆರಳು ನಿಲ್ಲಿಸಿ ಮುಂದೆ ಸರಿದ. ಇನ್ನೊಂದು 2020ರ ‘ದಿ ಲಾಸ್ಟ್ ಆಫ್ ಅಸ್ ಭಾಗ 2’, ಅದೂ ಎರಡು ಡಿಸ್ಕಿನದೇ, ಎರಡೂ ಡಿಸ್ಕ್ ಅವನ ಕಪಾಟಿನಲ್ಲಿದ್ದವು. “ಇದನ್ನ ತಗದರ ಏನೂ ಹೋಗಂಗಿಲ್ಲ ಮಾಮಾ, ಬೇಕಾದಾಗ ಮತ್ತ ಹಾಕ್ಕೊಬಹುದು” ಎಂದು ಅದನ್ನೇ ಅಳಿಸಿದ.